ಕಾಮಲತೆಯೂ ಕಾಲಯಂತ್ರವೂ

ಉಚ್ಚಂಗಿದುರ್ಗದ ಬೆಟ್ಟವು ನಾಡಿನ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಒಂದು ವಿಲಕ್ಷಣವಾದ ಪಾಠವನ್ನು ಹೇಳುತ್ತದೆ. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ಪಾಂಡ್ಯರಿಗೆ ಅದು ನೆಲೆವೀಡಾಗಿತ್ತು. ಅತ್ತ ಕಲ್ಯಾಣದ ಮಹಾಮನೆಯಲ್ಲಿ ಬಸವಣ್ಣನವರ ದಾಸೋಹ ನಡೆಯುತ್ತಿದ್ದ ದಿನಗಳಲ್ಲಿ ಇತ್ತ ಈ ಗಿರಿದುರ್ಗದಲ್ಲಿ ಆ ಪಾಂಡ್ಯರು ಇದ್ದರು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ಅವನು ಗೆದ್ದುಕೊಂಡ ಸ್ಥಳಗಳ ಸಾಲಿನೊಳಗೆ ಉಚ್ಚಂಗಿಯ ಹೆಸರೂ ಉಂಟು. ಗೆದ್ದುದು ಕೈಯಲ್ಲಿ ಉಳಿಯಲಿಲ್ಲವೆಂಬುದಕ್ಕೆ ಅವನ ಮೊಮ್ಮಗನೇ ಸಾಕ್ಷಿ. ಇಮ್ಮಡಿ ಬಲ್ಲಾಳನು ಅದೇ ದುರ್ಗವನ್ನು ಮತ್ತೊಮ್ಮೆ ಗೆಲ್ಲಬೇಕಾಯಿತು. ಶನಿವಾರ ಗೆದ್ದುದರಿಂದ ‘ಶನಿವಾರಸಿದ್ಧಿ’ ಎಂದೂ, ಬೆಟ್ಟದ ಕೋಟೆಯನ್ನು ಗೆದ್ದುದರಿಂದ ‘ಗಿರಿದುರ್ಗಮಲ್ಲ’ ಎಂದೂ ಅವನು ಬಿರುದು ಧರಿಸಿದನು. ಚೋಳನು ಹನ್ನೆರಡು ವರ್ಷ ಮುತ್ತಿ ಕೈಬಿಟ್ಟ ಕೋಟೆಯನ್ನು ತಮ್ಮ ಅರಸನು ಆಟವಾಡಿದಂತೆ ಹಿಡಿದನೆಂದು ಹೊಯ್ಸಳರ ಶಾಸನಕವಿ ಹೊಗಳುತ್ತಾನೆ. ಶರಣುಬಂದ ಪಾಂಡ್ಯ ಕಾಮದೇವನಿಗೆ ರಾಜ್ಯವನ್ನು ಮರಳಿಸಿದನೆಂದೂ ಸೇರಿಸುತ್ತಾನೆ. ಸೋತವರ ಕಡೆಯ ಕವಿಯೊಬ್ಬನು ಆ ಶನಿವಾರವನ್ನು ಬರೆದಿದ್ದರೆ ಅದು ಬೇರೆಯೇ ಶನಿವಾರವಾಗುತ್ತಿತ್ತು. ಆಗಿಹೋದುದನ್ನು ಬದಲಾಯಿಸುವುದಕ್ಕೆ ಯಂತ್ರವೇ ಬೇಕೆಂದಿಲ್ಲ, ಉಳಿಯೂ ಸುತ್ತಿಗೆಯೂ ಸಾಕು ಎಂಬುದು ಇದರಿಂದ ತಿಳಿಯುತ್ತದೆ. (ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಬೆಟ್ಟ ಮಾತ್ರ ಇದ್ದಲ್ಲಿಯೇ ಇದೆ.)

ಮುಂದಾಗುವುದನ್ನು ತಿಳಿಯಬೇಕೆಂಬ ಹಂಬಲಕ್ಕೆ ಈ ಸೀಮೆಯಲ್ಲಿ ಒಂದು ನೆಲೆಯುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆದ ಜನಸಾಗರವು ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕಕ್ಕಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆದರೆ ಹಿಂದಾದುದನ್ನು ತಿದ್ದಬೇಕೆಂಬ ಹಂಬಲ ಅದಕ್ಕಿಂತ ಆಳವಾದುದು. ಅದಕ್ಕೆ ಜಾತ್ರೆಯಿಲ್ಲ, ಅದು ಒಬ್ಬೊಬ್ಬರ ಎದೆಯಲ್ಲಿ ಒಂಟಿಯಾಗಿ ನಡೆಯುವಂಥದು. ‘ಅಂದು ಹಾಗೆ ಮಾಡದಿದ್ದರೆ’ ಎಂಬ ಮಾತು ಹುಟ್ಟದ ಮನೆಯಿಲ್ಲ.

ಈ ಹಂಬಲವನ್ನೇ ಬೀಜವಾಗಿಟ್ಟುಕೊಂಡು ಬೆಳೆದ ಕಥಾಪ್ರಕಾರವೊಂದು ಕಳೆದ ನೂರಿಪ್ಪತ್ತೈದು ವರ್ಷಗಳಿಂದ ಜಗತ್ತಿನಲ್ಲಿ ಪ್ರಚಾರಕ್ಕೆ ಬಂದಿದೆ. 1895ರಲ್ಲಿ ಎಚ್. ಜಿ. ವೆಲ್ಸ್ ಬರೆದ ‘ದಿ ಟೈಮ್ ಮೆಷಿನ್’ ಅದಕ್ಕೆ ಹಾದಿ ಹಾಕಿತು. ಆದರೆ ಅದರ ಪ್ರಯಾಣಿಕನ ದೃಷ್ಟಿಯೆಲ್ಲ ಮುಂದಣ ಕಾಲದ ಮೇಲೆ. ಹಿಂದಕ್ಕೆ ಹೋದವನು ಒಂದು ಚಿಟ್ಟೆಯನ್ನು ತುಳಿದುದರಿಂದ ಇಂದಿನ ಲೋಕವೇ ಕೆಟ್ಟುಹೋದ ಸಣ್ಣಕಥೆಯನ್ನು ರೇ ಬ್ರಾಡ್‌ಬರಿ 1952ರಲ್ಲಿ ಬರೆದನು. ನೆರೆಯ ಮರಾಠಿಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರರು, 1761ರ ಪಾನಿಪತದಲ್ಲಿ ಮರಾಠರೇ ಗೆದ್ದ ಮತ್ತೊಂದು ಇತಿಹಾಸದೊಳಕ್ಕೆ ಇತಿಹಾಸದ ಪ್ರಾಧ್ಯಾಪಕನೊಬ್ಬನನ್ನು ಕಳುಹಿಸಿ ಸೊಗಸಾದ ಕಥೆಯೊಂದನ್ನು ಹೆಣೆದರು. ಕನ್ನಡದಲ್ಲಿಯೂ 2024ರಲ್ಲಿ ‘ಬ್ಲಿಂಕ್’ ಎಂಬ ಚಲನಚಿತ್ರ ಬಂದಿತು. ಅದರ ನಾಯಕನು ಕಣ್ಣಿಗೆ ಔಷಧಿಯ ಹನಿಯನ್ನು ಬಿಟ್ಟುಕೊಂಡು, ರೆಪ್ಪೆ ಬಡಿಯದೆ ಇರುವಷ್ಟು ಹೊತ್ತು ಮಾತ್ರ ಬೇರೊಂದು ಕಾಲದಲ್ಲಿ ಇರಬಲ್ಲನು. ಈ ಎವೆಯಿಕ್ಕದಿರುವಿಕೆಯ ಮಾತು ಮುಂದೆ ಮತ್ತೆ ಬರಲಿದೆ. ಇವೆಲ್ಲವುಗಳ ನಡುವೆ, ಪೂರ್ವವನ್ನು ತಿದ್ದುವುದರ ಧರ್ಮಾಧರ್ಮವನ್ನೇ ಕೇಂದ್ರದಲ್ಲಿಟ್ಟು ಪತ್ತೇದಾರಿ ಕಥೆಯ ಬಿಗಿಯಿಂದ ಬರೆದ ಕೃತಿಯೆಂದರೆ ಐಸಾಕ್ ಆಸಿಮೋವನ ‘ದಿ ಎಂಡ್ ಆಫ್ ಎಟರ್ನಿಟಿ’. 1955ರಲ್ಲಿ ಪ್ರಕಟವಾದ ಈ ಕಾದಂಬರಿ ವಚನ ಮತ್ತು ವೀರಶೈವ ಪುರಾಣಗಳ ಅಭ್ಯಾಸಿಗಳಿಗೆ ಏಕೆ ವಿಚಾರಣೀಯವೆಂಬುದನ್ನು ತೋರಿಸುವುದು ಇಲ್ಲಿಯ ಉದ್ದೇಶ.

ಕಥೆಯ ಹಂದರ ಹೀಗಿದೆ. ಕಾಲದ ಹೊರಗೆ ‘ಎಟರ್ನಿಟಿ’ ಎಂಬ ಒಂದು ಸಂಸ್ಥೆಯುಂಟು. ಅದರ ಸದಸ್ಯರು ‘ಕೆಟಲ್’ ಎಂಬ ವಾಹನದಲ್ಲಿ ಶತಮಾನದಿಂದ ಶತಮಾನಕ್ಕೆ ಏರಿಳಿಯುತ್ತಾರೆ. (ನೀರು ಕಾಯಿಸುವ ಪಾತ್ರೆಯ ಹೆಸರನ್ನೇ ಕಾಲಯಂತ್ರಕ್ಕೆ ಇಟ್ಟದ್ದು ಲೇಖಕನ ಕುಚೋದ್ಯವಿರಬೇಕು.) ಯುದ್ಧ, ವ್ಯಸನ, ಹಿಂಸೆಗಳು ತಲೆದೋರುವ ಶತಮಾನಗಳನ್ನು ಗುರುತಿಸಿ, ಅವು ಹುಟ್ಟದಂತೆ ಹಿಂದಣ ಒಂದು ಕ್ಷಣವನ್ನು ಬದಲಾಯಿಸುವುದು ಅವರ ಕಾಯಕ. ಬದಲಾವಣೆ ಆದಷ್ಟು ಅಲ್ಪವಾಗಿರಬೇಕು, ಫಲ ಆದಷ್ಟು ಅಧಿಕವಾಗಿರಬೇಕು; ಇದು ಅವರ ಸೂತ್ರ. ಒಂದು ಕಡೆ ವಾಹನವೊಂದರ ಯಂತ್ರಭಾಗವನ್ನು ಕೆಡಿಸಿಡುತ್ತಾರೆ. ತರುಣನೊಬ್ಬನು ಕೇಳಬೇಕಾಗಿದ್ದ ಉಪನ್ಯಾಸಕ್ಕೆ ಹೋಗಲಾಗುವುದಿಲ್ಲ. ಅವನು ಹಿಡಿಯಬೇಕಾಗಿದ್ದ ವಿದ್ಯೆಯನ್ನು ಹಿಡಿಯುವುದಿಲ್ಲ. ಮುಂದಿನ ಶತಮಾನದ ಒಂದು ಯುದ್ಧ ನಡೆಯುವುದೇ ಇಲ್ಲ. ಇನ್ನೊಂದು ಕಡೆ ಒಂದು ಡಬ್ಬಿಯನ್ನು ಒಂದು ಹಲಗೆಯಿಂದ ಮತ್ತೊಂದು ಹಲಗೆಗೆ ಸರಿಸಿಡುತ್ತಾರೆ. ಅಷ್ಟರಿಂದಲೇ ಆ ಕಾಲದ ಆಕಾಶನೌಕೆಗಳೆಲ್ಲ ಇಲ್ಲವಾಗುತ್ತವೆ. ಇಲ್ಲವಾಗುವುದೆಂದರೆ ನಾಶವಾಗುವುದಲ್ಲ, ಎಂದೂ ಇರಲಿಲ್ಲವೆಂದಾಗುವುದು. ನೌಕೆಗಳ ಗತಿಯೇ ಮನುಷ್ಯರ ಗತಿಯೂ ಆಗುತ್ತದೆ. ಲಕ್ಷಾಂತರ ಜನರು ಬೇರೆಯವರಾಗುತ್ತಾರೆ, ಕೆಲವರು ಹುಟ್ಟಿರಲೇ ಇಲ್ಲವೆಂದಾಗುತ್ತದೆ. ಅವರಿಗೆ ಅದು ತಿಳಿಯುವುದೂ ಇಲ್ಲ.

ಈ ಕೈಚಳಕವನ್ನು ನಡೆಸುವವನು ‘ಟೆಕ್ನಿಷಿಯನ್’. ಕಥಾನಾಯಕ ಆಂಡ್ರೂ ಹಾರ್ಲನ್ ಅಂಥವನು. ಉಳಿದ ಸದಸ್ಯರು ಟೆಕ್ನಿಷಿಯನ್ನನನ್ನು ಕಂಡರೆ ದೂರ ಸರಿಯುತ್ತಾರೆ. ಲೆಕ್ಕ ಹಾಕಿದವರೂ ಆಜ್ಞೆಯಿತ್ತವರೂ ಅವರೇ. ಆದರೂ ಕೈಯಿಂದ ಮಾಡಿದವನಿಗೆ ಮಾತ್ರ ಮೈಲಿಗೆ. ನಮ್ಮ ಸಮಾಜದ ಹಳೆಯ ರೋಗವನ್ನು ಬಲ್ಲ ಓದುಗನಿಗೆ ಈ ಚಿತ್ರ ತೀರ ಪರಿಚಿತವಾಗಿ ಕಾಣುತ್ತದೆ. ಹೊಲೆ ಮಾಡುವ ಕೆಲಸವನ್ನು ಎಲ್ಲರೂ ಹಂಚಿಕೊಂಡು ಹೊಲೆತನವನ್ನು ಒಬ್ಬನ ಮೇಲೆ ಹೊರಿಸುವ ಪದ್ಧತಿಯನ್ನು, ಆ ಪರಿಚಯವಿಲ್ಲದ ಅಮೆರಿಕದ ಲೇಖಕನು ತನ್ನ ಕಲ್ಪನೆಯಿಂದಲೇ ಕಂಡುಕೊಂಡದ್ದು ಮೆಚ್ಚತಕ್ಕದ್ದು.

ಹಾರ್ಲನ್ 482ನೆಯ ಶತಮಾನದ ನೋಯ್ಸ್ ಎಂಬ ತರುಣಿಯಲ್ಲಿ ಅನುರಕ್ತನಾಗುತ್ತಾನೆ. ಆ ಶತಮಾನದಲ್ಲಿ ನಡೆಯಲಿರುವ ಬದಲಾವಣೆಯ ಅನಂತರ ಆಕೆಗೆ ಸರಿಸಮಳಾದ ಯಾವ ಹೆಂಗಸೂ ಇರುವುದಿಲ್ಲವೆಂದು, ಎಂದರೆ ಆಕೆ ಇರಲೇ ಇಲ್ಲವೆಂದಾಗುವುದೆಂದು, ಲೆಕ್ಕಿಗನೊಬ್ಬನಿಂದ ಅವನಿಗೆ ತಿಳಿಯುತ್ತದೆ. ಅಲ್ಲಿಯವರೆಗೆ ಲಕ್ಷ ಜನರನ್ನು ಅಳಿಸಿ ನಿದ್ದೆಗೆಡದಿದ್ದವನು ಒಬ್ಬಳಿಗಾಗಿ ಎಲ್ಲ ಕಟ್ಟಳೆಗಳನ್ನೂ ಮುರಿಯುತ್ತಾನೆ. ಅವಳನ್ನು ದೂರದ ಮುಂದಣ ಶತಮಾನಗಳಲ್ಲಿ ಬಚ್ಚಿಡುತ್ತಾನೆ. ಮುಂದೆ ಕಥೆ ರಹಸ್ಯದ ದಾರಿ ಹಿಡಿಯುತ್ತದೆ: ಎಪ್ಪತ್ತು ಸಾವಿರದಿಂದ ಒಂದೂವರೆ ಲಕ್ಷದವರೆಗಿನ ಶತಮಾನಗಳ ಬಾಗಿಲುಗಳು ಎಟರ್ನಿಟಿಯವರಿಗೆ ಏಕೆ ತೆರೆಯುವುದಿಲ್ಲ? ತಪ್ಪು ಕಾಲಕ್ಕೆ ಎಸೆಯಲ್ಪಟ್ಟ ಶಿಷ್ಯನೊಬ್ಬನು ತಾನಿರುವ ವರ್ಷವನ್ನು ತಿಳಿಸಲು ಯಾವ ಗುರುತನ್ನು ಬಿಟ್ಟಿದ್ದಾನೆ? ಆ ಗುರುತು 1932ರ ಒಂದು ಪತ್ರಿಕೆಯ ಜಾಹೀರಾತಿನಲ್ಲಿ ಸಿಕ್ಕುತ್ತದೆ. ಅಣುಬಾಂಬು ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲಿನ ಪುಟದಲ್ಲಿ ಅಣುಬಾಂಬಿನ ಹೊಗೆಯ ಕೊಡೆಯ ಚಿತ್ರ! ಪತ್ತೇದಾರಿ ಕಥೆಯ ಸುಳುಹುಗಳಲ್ಲಿ ಇದಕ್ಕಿಂತ ಚೊಕ್ಕವಾದುದನ್ನು ಕಾಣುವುದು ಕಷ್ಟ.

ಕೊನೆಯಲ್ಲಿ ತೆರೆಯುವ ಗುಟ್ಟನ್ನು ಇಲ್ಲಿ ಹೇಳದೆ ವಿಮರ್ಶೆ ಸಾಗದು. ನೋಯ್ಸ್ 482ನೆಯ ಶತಮಾನದವಳಲ್ಲ. ಬಾಗಿಲು ಮುಚ್ಚಿದ ಆ ಗುಪ್ತ ಶತಮಾನಗಳಿಂದ ಬಂದವಳು. ಎಟರ್ನಿಟಿ ಪ್ರತಿಯೊಂದು ಅಪಾಯವನ್ನೂ ಮುಂಚಿತವಾಗಿ ಚಿವುಟಿದುದರಿಂದ ಮಾನವಕುಲ ಸುರಕ್ಷಿತವಾಯಿತು, ಆದರೆ ಸಾಹಸವನ್ನು ಮರೆಯಿತು. ನಕ್ಷತ್ರಗಳನ್ನು ಮುಟ್ಟುವ ವೇಳೆಗೆ ಅಲ್ಲಿ ಬೇರೆಯವರು ನೆಲಸಿದ್ದರು. ಮನುಷ್ಯರು ಹಿಂದಿರುಗಿ, ಆಸೆಗುಂದಿ, ಸಂತಾನವಿಲ್ಲದೆ ಅಳಿದರು. ಎಟರ್ನಿಟಿ ಹುಟ್ಟದಂತೆ ಮಾಡುವುದಕ್ಕೇ ಆಕೆ ಬಂದಿದ್ದಾಳೆ. 1932ರ ಒಂದು ಗುಹೆಯ ಬಳಿ ಹಾರ್ಲನ್ ಅವಳ ಮಾತನ್ನೊಪ್ಪುತ್ತಾನೆ. ಅವನು ಬಂದ ಕೆಟಲ್ ಕಣ್ಣೆದುರಿಗೇ ಇಲ್ಲವಾಗುತ್ತದೆ.

ಕೃತಿಯ ದೋಷಗಳು ಸ್ಪಷ್ಟವಾಗಿಯೇ ಇವೆ. ಸಂಭಾಷಣೆ ಎಷ್ಟೋ ಕಡೆ ತರಗತಿಯ ಪಾಠದಂತೆ ಒಣಗಿದೆ. ಲೇಖಕನು ಜೀವರಸಾಯನದ ಪ್ರಾಧ್ಯಾಪಕನಾಗಿದ್ದುದು ಇದಕ್ಕೆ ಕಾರಣವಿರಬಹುದು. ನೋಯ್ಸ್ ಪುಸ್ತಕದ ಮುಕ್ಕಾಲು ಭಾಗದವರೆಗೆ ಬರಿಯ ರೂಪವತಿ. ಅವಳಿಗೆ ಬುದ್ಧಿಯಿದೆಯೆಂಬುದು ಕೊನೆಯ ಅಧ್ಯಾಯದಲ್ಲಿ ಓದುಗನಿಗೂ ಹಾರ್ಲನನಿಗೂ ಒಟ್ಟಿಗೇ ತಿಳಿಯುತ್ತದೆ. ಇದಕ್ಕಿಂತ ದೊಡ್ಡದು ಮತ್ತೊಂದು ದೋಷ. ಪರರ ಬಾಳನ್ನು ಅವರಿಗೆ ಹೇಳದೆ ತಿದ್ದುವುದು ಅಧರ್ಮವೆಂದು ಇಡೀ ಕಾದಂಬರಿ ವಾದಿಸುತ್ತದೆ. ಆದರೆ ಆ ಅಧರ್ಮವನ್ನು ನಿಲ್ಲಿಸುವುದು ಕೂಡ ಗುಹೆಯ ಬಳಿ ನಿಂತ ಇಬ್ಬರು, ಯಾರನ್ನೂ ಕೇಳದೆ ಮಾಡುವ ಮತ್ತೊಂದು ತಿದ್ದುಪಡಿಯೇ. ಹೊಸ ಇತಿಹಾಸದಲ್ಲಿ ಅಣುಬಾಂಬು ಬೇಗನೆ ಹುಟ್ಟುತ್ತದೆ, ಅದು ನಕ್ಷತ್ರಗಳಿಗೆ ತೆರಬೇಕಾದ ಬೆಲೆ ಎಂಬ ಸಮಾಧಾನ ಬೇರೆ. ಹಿರೋಷಿಮಾ ಸುಟ್ಟು ಹತ್ತೇ ವರ್ಷವಾಗಿದ್ದ 1955ರಲ್ಲಿ ಈ ಮಾತನ್ನು ಇಷ್ಟು ಹಗುರವಾಗಿ ಆಡಿದ್ದು ಸೋಜಿಗ. ಸುಟ್ಟವರು ಈ ಬೆಲೆಗೆ ಒಪ್ಪಿದ್ದರೆ ಎಂಬ ಪ್ರಶ್ನೆಯನ್ನು ಹಾರ್ಲನ್ ಕೇಳುವುದಿಲ್ಲ, ಆಸಿಮೋವನೂ ಕೇಳುವುದಿಲ್ಲ.

ಪದದ ವಿಷಯವಾಗಿ ಒಂದು ಮಾತು. ‘ಎಟರ್ನಿಟಿ’ಯನ್ನು ಕನ್ನಡಕ್ಕೆ ತರುವವರಿಗೆ ‘ಕಾಲಾತೀತ’ ಎಂಬ ಪದ ಕೂಡಲೆ ನೆನಪಾದೀತು. ಅದನ್ನು ಬಳಸಬಾರದು. ಶರಣರ ಪರಿಭಾಷೆಯಲ್ಲಿ ಕಾಲವನ್ನು ಗೆದ್ದವನೆಂದರೆ ಭವವನ್ನು ಗೆದ್ದವನು. ಆಸಿಮೋವನ ಎಟರ್ನಿಟಿಯವರು ಕಾಲದ ಹೊರಗೆ ಕುಳಿತೂ ಮುದುಕರಾಗುತ್ತಾರೆ, ಮತ್ಸರಪಡುತ್ತಾರೆ, ಮೇಲಧಿಕಾರಿಗೆ ಹೆದರುತ್ತಾರೆ, ಸಾಯುತ್ತಾರೆ. ಅವರು ದಾಟಿದ್ದು ಪಂಚಾಂಗವನ್ನು ಮಾತ್ರ.

ಇನ್ನು ಈ ಕಾದಂಬರಿಯ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಕಾವ್ಯಪರಂಪರೆಯ ಕಡೆಗೆ ತಿರುಗಬಹುದು. ಒಬ್ಬಳು ಹೆಂಗಸು ‘ಇರಲೇ ಇಲ್ಲ’ ಎಂದಾದ ಪ್ರಸಂಗವೊಂದು ವೀರಶೈವ ಸಾಹಿತ್ಯದಲ್ಲಿಯೇ ಉಂಟು. ಅದು ಕಾಮಲತೆಯ ಪ್ರಸಂಗ.

ಹರಿಹರದೇವನ ‘ಪ್ರಭುದೇವರ ರಗಳೆ’ಯನ್ನು ಬಲ್ಲವರಿಗೆ ಕಥೆ ತಿಳಿದದ್ದೇ. ಬಳ್ಳಿಗಾವೆಯ ಅಲ್ಲಮನು ಕಾಮಲತೆಯನ್ನು ಕಂಡು ಮೋಹಿಸುತ್ತಾನೆ. ಇಬ್ಬರೂ ಕೂಡಿ ಸುಖದಿಂದಿರುತ್ತಾರೆ. ಅಷ್ಟರಲ್ಲಿ ಅವಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಹುಚ್ಚನಂತೆ ಅಲೆಯುವ ಅಲ್ಲಮನು ಒಂದು ತೋಟದಲ್ಲಿ ಕುಳಿತು ಶೂನ್ಯಮನಸ್ಕನಾಗಿ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಮಣ್ಣಿನೊಳಗಿಂದ ಕಳಸವೊಂದು ಮೂಡುತ್ತದೆ. ಅಗೆಯಿಸಿ ನೋಡಿದರೆ ಹುದುಗಿಹೋದ ಶಿವಾಲಯ. ಬಾಗಿಲು ತೆರೆದರೆ ಒಳಗೆ ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ‘ಬ್ಲಿಂಕ್’ ಚಿತ್ರದ ನಾಯಕನು ಎವೆಯಿಕ್ಕದೆ ಇದ್ದು ಹಿಂದಣ ಕಾಲವನ್ನು ಸೇರುತ್ತಾನೆ. ಇಲ್ಲಿ ಎವೆಯಿಕ್ಕದವನು ಹಿಂದಣ ಕಾಲದಲ್ಲಿಯೇ, ನೆಲದ ಕೆಳಗೆ, ಬರುವವನಿಗಾಗಿ ಕುಳಿತಿದ್ದಾನೆ. ಹರಿಹರನ ಕಲ್ಪನೆಯ ಬಲ ಇಲ್ಲಿದೆ: ಅಲ್ಲಮನು ತನ್ನ ಕಳೆದುಹೋದ ದಿನಗಳನ್ನು ಹುಡುಕುತ್ತ ನೆಲ ಕೆರೆದನು, ತನ್ನದಲ್ಲದ, ತನಗಿಂತ ಹಳೆಯದಾದ ಮತ್ತೊಂದನ್ನು ಪಡೆದನು. ಕಾಮಲತೆ ಮರಳಿ ಬರಲಿಲ್ಲ. ಆದರೆ ಅವಳಿಲ್ಲದಿದ್ದರೆ ಆ ಉಗುರು ನೆಲವನ್ನು ಕೆರೆಯುತ್ತಿರಲಿಲ್ಲ.

ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು. ಅದರಲ್ಲಿ ಕಾಮಲತೆಯಿಲ್ಲ. ಬನವಸೆಯ ಮಮಕಾರನೆಂಬ ಅರಸನಿಗೂ ಮೋಹಿನಿಗೂ ಹುಟ್ಟಿದ ಮಾಯೆಯುಂಟು. ಅವಳು ಪಾರ್ವತಿಯ ತಾಮಸ ಕಳೆ. ನಿರಹಂಕಾರ ಸುಜ್ಞಾನಿಯರಲ್ಲಿ ತೋರಿಬಂದ ಅಲ್ಲಮನು ಮದ್ದಳೆಯನ್ನು ನುಡಿಸುತ್ತಾನೆ, ಅವಳು ಮೋಹಿಸುತ್ತಾಳೆ, ಅವನು ಅವಳ ಕೈಗೆ ಸಿಕ್ಕುವುದೇ ಇಲ್ಲ. ಮೋಹಗೊಂಡವನು ಅವನಲ್ಲ, ಅವಳು. ಸತ್ತವರು ಯಾರೂ ಇಲ್ಲ, ಅತ್ತವನೂ ಅವನಲ್ಲ. ಹೆಸರುಗಳನ್ನು ನೋಡಿದರೂ ಸಾಕು: ಮಮಕಾರ, ಮೋಹಿನಿ, ನಿರಹಂಕಾರ, ಸುಜ್ಞಾನಿ. ಮನುಷ್ಯರು ಇದ್ದ ಎಡೆಯಲ್ಲಿ ತತ್ತ್ವಗಳು ಬಂದು ನಿಂತಿವೆ. ಹರಿಹರನ ಬಳ್ಳಿಗಾವೆಯಲ್ಲಿ ಜ್ವರ ಬರುತ್ತದೆ; ಚಾಮರಸನ ಬನವಸೆಯಲ್ಲಿ ಜ್ವರಕ್ಕೆ ಎಡೆಯಿಲ್ಲ.

ಚಾಮರಸನನ್ನು ಇದಕ್ಕಾಗಿ ಜರೆಯುವುದು ಸುಲಭ, ಸರಿಯಲ್ಲ. ಅವನ ಕಾಲಕ್ಕೆ ಪ್ರಭುದೇವರು ಶೂನ್ಯಪೀಠದ ಅಧ್ಯಕ್ಷರು, ನಿರ್ಮಾಯರು, ಲೋಕಗುರುಗಳು. ಹೆಂಡತಿ ಸತ್ತಳೆಂದು ಮರಮರಕ್ಕೆ ಮೊರೆಯಿಟ್ಟವನು ಆ ಪೀಠವನ್ನು ಹೇಗೆ ಏರಬಲ್ಲನೆಂಬ ಭಕ್ತನ ಸಂಕೋಚ ನಿಜವಾದುದು. ಕಾವ್ಯವಾಗಿಯೂ ‘ಪ್ರಭುಲಿಂಗಲೀಲೆ’ ಸಾಮಾನ್ಯವಾದುದಲ್ಲ. ಭಾಮಿನಿ ಷಟ್ಪದಿಯಲ್ಲಿ ಅಷ್ಟು ತಿಳಿಯಾದ ತತ್ತ್ವನಿರೂಪಣೆ ವಿರಳ. ಅದು ತಮಿಳಿಗೂ ತೆಲುಗಿಗೂ ಹೋಗಿ, ಕನ್ನಡವನ್ನರಿಯದ ಶಿವಭಕ್ತರಿಗೆ ಪ್ರಭುದೇವರನ್ನು ಪರಿಚಯಿಸಿತು. ಆದರೆ ಚಾಮರಸನ ಗೆಲುವೇ ಕಾಮಲತೆಯ ಸೋಲು. ಶತಮಾನಗಳ ಕಾಲ ಮಠಮಠಗಳಲ್ಲಿ ಪುರಾಣ ಕೇಳಿದ ಜನಕ್ಕೆ ಮಾಯೆ ಗೊತ್ತು, ಕಾಮಲತೆ ಗೊತ್ತಿಲ್ಲ. ಒಂದು ಡಬ್ಬಿಯನ್ನು ಒಂದು ಹಲಗೆಯಿಂದ ಮತ್ತೊಂದು ಹಲಗೆಗೆ ಸರಿಸಿದಂತೆ, ಮೋಹವನ್ನು ಅವನ ಎದೆಯಿಂದ ಅವಳ ಎದೆಗೆ ಸರಿಸಿದ್ದಷ್ಟೇ. ಒಬ್ಬಳು ಇರಲೇ ಇಲ್ಲವೆಂದಾಯಿತು. ಹರಿಹರನ ರಗಳೆಯ ಓಲೆಗಳು ಉಳಿದದ್ದರಿಂದ ಮಾತ್ರ ಅವಳು ಇದ್ದಳೆಂಬುದು ತಿಳಿದಿದೆ. ಎಟರ್ನಿಟಿಯವರ ತಿದ್ದುಪಡಿಗೂ ಕವಿಗಳ ತಿದ್ದುಪಡಿಗೂ ಇರುವ ಅಂತರ ಇದೇ: ಕವಿಗಳ ಹಿಂದಣ ಪ್ರತಿ ಸುಟ್ಟುಹೋಗುವುದಿಲ್ಲ.

ನಷ್ಟವಾದದ್ದು ಏನೆಂದು ಕೇಳಿದರೆ, ಉತ್ತರಕ್ಕೆ ಪ್ರಭುದೇವರ ವಚನಗಳಿಗೇ ಹೋಗಬೇಕು. ಮಾಯೆಯೆಂಬುದು ಹೊರಗಿನ ಹೆಣ್ಣಲ್ಲ, ಮನದ ಮುಂದಿನ ಆಸೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಮಾಯೆ ಎಂದೂ ಮುಟ್ಟದವನ ಬಾಯಲ್ಲಿ ಅದು ಒಂದು ಸಿದ್ಧಾಂತ. ಕಾಮಲತೆಯನ್ನು ಹೂಳಿ ಬಂದವನ ಬಾಯಲ್ಲಿ ಅದು ಒಂದು ತೀರ್ಪು. ತನ್ನ ದುಃಖಕ್ಕೆ ಸತ್ತವಳನ್ನು ಹೊಣೆಮಾಡದೆ, ಆಸೆಯ ಹೊಣೆಯನ್ನು ತನ್ನ ಮೇಲೆಯೇ ಎಳೆದುಕೊಂಡವನ ನ್ಯಾಯ. ವಿಚಿತ್ರವೆಂದರೆ, ಅಲ್ಲಮನನ್ನು ಮೇಲೆತ್ತಬೇಕೆಂದು ಹೊರಟ ಚಾಮರಸನ ಕಥೆಯಲ್ಲಿ ಮಾಯೆ ಮತ್ತೆ ಹೊರಗಿನ ಹೆಣ್ಣೇ ಆಗಿಬಿಡುತ್ತಾಳೆ.

ಇಲ್ಲಿ ಒಂದು ಆಕ್ಷೇಪ ಬರಬಹುದು, ಬರಬೇಕು. ವೀರಶೈವ ದೀಕ್ಷೆಯೆಂದರೆ ಪೂರ್ವಾಶ್ರಯವನ್ನು ಕಳೆಯುವುದಲ್ಲವೆ? ದೀಕ್ಷೆ ಪಡೆದವನ ಹಿಂದಣ ಕುಲವನ್ನು ಕೇಳಬಾರದೆಂದು ಶರಣರೇ ಹೇಳಿರುವಾಗ, ಅಲ್ಲಮನ ಹಿಂದಣ ಸಂಸಾರವನ್ನು ಕವಿ ಕಳೆದರೆ ತಪ್ಪೇನು? ಅದಕ್ಕಿಂತ ಮುಂದೆ ಹೋಗಿ, ಬಸವಣ್ಣನವರೇ ತಮ್ಮ ಹುಟ್ಟನ್ನು ತಿದ್ದಿಕೊಂಡಿಲ್ಲವೆ? ತಾವು ಮಾದಾರ ಚೆನ್ನಯ್ಯ ಡೋಹರ ಕಕ್ಕಯ್ಯರ ಮನೆಯ ಆಳುಗಳಿಗೆ ಹುಟ್ಟಿದವರೆಂಬ ಅರ್ಥದಲ್ಲಿ ಅವರು ವಚನ ನುಡಿದಿದ್ದಾರೆ. ಅದು ಚರಿತ್ರೆಯಲ್ಲ, ಕೇಳಿದವರಿಗೆಲ್ಲ ಅವರು ಯಾರ ಮಗನೆಂಬುದು ಗೊತ್ತಿತ್ತು.

ಗೊತ್ತಿದ್ದುದರಲ್ಲಿಯೇ ಉತ್ತರವಿದೆ. ಬಸವಣ್ಣನವರು ತಿದ್ದಿದ್ದು ತಮ್ಮ ಹುಟ್ಟನ್ನು, ತಮ್ಮ ಬಾಯಿಂದ, ಎಲ್ಲರೆದುರಿಗೆ. ಅದರಿಂದ ಯಾರೂ ಇಲ್ಲವಾಗಲಿಲ್ಲ; ಇಲ್ಲವೆನ್ನಿಸಿಕೊಂಡಿದ್ದ ಚೆನ್ನಯ್ಯ ಕಕ್ಕಯ್ಯರು ತಂದೆಯ ಸ್ಥಾನಕ್ಕೆ ಬಂದರು. ಆಸಿಮೋವನ ಎಟರ್ನಿಟಿಯವರು ಎಂದೂ ತಮ್ಮ ಪೂರ್ವವನ್ನು ತಿದ್ದಿಕೊಳ್ಳುವುದಿಲ್ಲ, ಪರರದನ್ನು ಮಾತ್ರ. ಅದೂ ಪರರಿಗೆ ತಿಳಿಯದಂತೆ. ಪೂರ್ವಾಶ್ರಯವನ್ನು ತಾನು ಬಿಡುವುದು ಬೇರೆ, ಮತ್ತೊಬ್ಬರ ಪೂರ್ವವನ್ನು ತಾನು ಅಳಿಸುವುದು ಬೇರೆ. ಮೊದಲನೆಯದು ದೀಕ್ಷೆ, ಎರಡನೆಯದು ಅಧಿಕಾರ.

ಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ: ಲಿಂಗ ಕೈಗೆ ಬಂದ ಮೇಲೂ ದೋಣಿ, ಬಟ್ಟೆ, ತೊಗಲು ಹೆಸರಿನಿಂದ ಬಿಟ್ಟುಹೋಗಲಿಲ್ಲ. ಆದರೆ ಕಾಶ್ಮೀರದ ಅರಸನಾಗಿದ್ದನೆಂದು ಪುರಾಣಗಳು ಹೇಳುವ ಮೋಳಿಗೆಯ ಮಾರಯ್ಯನ ಹೆಸರಿನಲ್ಲಿ ಸೌದೆಯ ಹೊರೆಯುಂಟು, ಸಿಂಹಾಸನವಿಲ್ಲ. ಕೀಳೆಂದು ಲೋಕವೆಂದದ್ದನ್ನು ಉಳಿಸಿಕೊಂಡರು, ಮೇಲೆಂದು ಲೋಕವೆಂದದ್ದನ್ನು ಬಿಟ್ಟರು. ಇನ್ನು ಸೂಳೆ ಸಂಕವ್ವೆ. ಅವಳ ಒಂದೇ ಒಂದು ವಚನ ಉಳಿದಿದೆ. ಅಂಕಿತ ‘ನಿರ್ಲಜ್ಜೇಶ್ವರ’. ಶರಣಸಂಕುಲವನ್ನು ಸೇರಿದ ಮೇಲೆ ಬೇರೊಂದು ಹೆಸರನ್ನು ಇಟ್ಟುಕೊಳ್ಳುವುದಕ್ಕೆ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಹಳೆಯ ವೃತ್ತಿಯ ಮಾತಿನಲ್ಲಿಯೇ ಅವಳು ನಿಷ್ಠೆಯನ್ನು ಹೇಳಿದಳು, ಲಜ್ಜೆಯನ್ನು ದೇವರ ಹೆಸರಿನಲ್ಲಿ ಕಳೆದಳು. ಅವಳನ್ನು ಚಾಮರಸನು ಬರೆದಿದ್ದರೆ ಏನಾಗುತ್ತಿದ್ದಳೋ.

ಎಟರ್ನಿಟಿಯ ಟೆಕ್ನಿಷಿಯನ್ನನೊಬ್ಬನನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಳುಹಿಸಿದರೆ ಅವನು ಮಾಡುವ ಕೆಲಸವೇನೆಂಬುದನ್ನೂ ಊಹಿಸಬಹುದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆಗಲಿದ್ದ ಮದುವೆಯನ್ನು ತಪ್ಪಿಸುವುದು. ಅದಕ್ಕೆ ಒಂದು ಓಲೆಯನ್ನು ತಡಮಾಡಿದರೆ ಸಾಕು. ಆನೆಯ ಕಾಲಿಗೆ ಕಟ್ಟಿ ಎಳೆಸಿದ ಶಿಕ್ಷೆಯಿಲ್ಲ, ಬಿಜ್ಜಳನ ಕೊಲೆಯಿಲ್ಲ, ಉಳವಿಯ ಕಾಡಿನ ದಾರಿಯಿಲ್ಲ. ಕಲ್ಯಾಣ ಕಲ್ಯಾಣವಾಗಿಯೇ ಉಳಿಯುತ್ತದೆ. ಲೆಕ್ಕ ಚೊಕ್ಕವಾಗಿದೆ. ಆದರೆ ಆ ಮದುವೆಯನ್ನು ತಪ್ಪಿಸಿದ ಕಲ್ಯಾಣದಲ್ಲಿ ಅನುಭವಮಂಟಪದ ಮಾತುಗಳು ಬರಿಯ ಮಾತುಗಳಾಗಿ, ಹರಳಯ್ಯ ಮತ್ತೆ ಊರ ಹೊರಗಿನವನಾಗಿ ಉಳಿಯುತ್ತಿದ್ದನು. ಅಪಾಯವನ್ನು ಚಿವುಟಿದ ಶತಮಾನಗಳು ನಕ್ಷತ್ರಗಳನ್ನು ಕಳೆದುಕೊಂಡವೆಂಬ ಆಸಿಮೋವನ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಅವನ ಕೃತಿಯೊಳಗೆ ಇಲ್ಲ. ಒಂದು ಭೇದವನ್ನು ಮಾತ್ರ ಮರೆಯಬಾರದು: ಆ ಮದುವೆಯ ಬೆಲೆ ತೆತ್ತವರು ಅದಕ್ಕೆ ತಾವೇ ಒಪ್ಪಿದ್ದರು. ಗುಹೆಯ ಬಳಿ ನಿಂತ ಹಾರ್ಲನನಿಗೆ ಆ ಯೋಗ್ಯತೆ ಇರಲಿಲ್ಲ.

ಮತ್ತೆ ಉಚ್ಚಂಗಿದುರ್ಗ. ಮೈಲಾರದಲ್ಲಿ ಕಾರಣಿಕ ನುಡಿಯುವ ದಿನಗಳಲ್ಲಿಯೇ ಇಲ್ಲಿಯೂ ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಬೆಟ್ಟಕ್ಕೆ ಜನ ಹತ್ತುತ್ತಾರೆ. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಡುತ್ತಿದ್ದ ಪದ್ಧತಿ ಈ ಬೆಟ್ಟದಲ್ಲಿಯೂ ಇತ್ತು. 1982ರ ಅಧಿನಿಯಮ ಅದನ್ನು ಅಪರಾಧವೆಂದು ಸಾರಿತು. 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ಇಂಥ ಹೆಂಗಸರ ಸಂಖ್ಯೆ ಒಟ್ಟು 46,660. ಬೆಟ್ಟದ ಮಹಿಮೆಯನ್ನು ಬರೆಯುವವರು ಇವರನ್ನು ಬಿಟ್ಟು ಬರೆಯುತ್ತಾರೆ. ಕೋಟೆ, ಹೊಂಡ, ಬಲ್ಲಾಳನ ಬಿರುದು ಬರುತ್ತವೆ, ಮುತ್ತು ಕಟ್ಟಿಸಿಕೊಂಡ ಹುಡುಗಿ ಬರುವುದಿಲ್ಲ. ದೇವಿಯ ಹೆಸರಿಗೆ ಕುಂದು ಬರಬಾರದೆಂಬ ಸದ್ಭಾವದಿಂದಲೇ ಅವರು ಹೀಗೆ ಮಾಡುತ್ತಾರೆ. ಚಾಮರಸನದೂ ಸದ್ಭಾವವೇ ಆಗಿತ್ತು.

ಆ ಹೆಂಗಸರ ಮಕ್ಕಳು ಶಾಲೆಗೆ ಸೇರುವಾಗ, ಪಡಿತರ ಚೀಟಿಗೆ ಅರ್ಜಿ ಬರೆಯುವಾಗ, ತಂದೆಯ ಹೆಸರು ಎಂಬ ಸಾಲಿನೆದುರು ಲೇಖನಿ ನಿಲ್ಲುತ್ತಿತ್ತು. ಏನಾದರೊಂದು ಹೆಸರನ್ನು ಹಾಕಿ ಮುಗಿಸಿ ಎಂದು ಹೇಳುವ ಗುಮಾಸ್ತರೂ ಇದ್ದರು. ಅದು ಅವರ ಮಟ್ಟಿಗೆ ದಯೆ. 2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ವಿಧೇಯಕದಲ್ಲಿ, ಇಂಥ ಮಕ್ಕಳಿಂದ ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳಬಾರದೆಂದೂ, ತಂದೆ ಯಾರೆಂಬುದನ್ನು ಗೊತ್ತುಮಾಡಿಸಿಕೊಳ್ಳುವ ಹಕ್ಕು ಅವರಿಗೆ ಉಂಟೆಂದೂ ಎರಡೂ ಸೇರಿವೆ. ಕೇಳುವವರು ಕೇಳುವಂತಿಲ್ಲ; ಹೇಳಬೇಕೆನ್ನುವವರು ಹೇಳಬಹುದು. ಆ ಸಾಲನ್ನು ಖಾಲಿ ಬಿಡುವುದೋ, ತುಂಬುವುದೋ, ತಾಯಿಯ ಹೆಸರನ್ನೇ ಬರೆಯುವುದೋ, ಅದು ಅರ್ಜಿ ಹಿಡಿದು ನಿಂತವರ ಕೈಯಲ್ಲಿದೆ.